ಕನಸಿನ ದ್ವೀಪದಲ್ಲಿ ಕಪ್ಪೆಚಿಪ್ಪಿನ ಬೇಟೆ

ಹಗಲೆಲ್ಲ ಗಲ್ಲಾಪೆಟ್ಟಿಗೆಯ ಮುಂದೆಯೋ ಲೆಕ್ಕದ ಪುಸ್ತಕದ ಮುಂದೆಯೋ ಕುಳಿತು ದಣಿದವನಿಗೆ ಬಿಡುವಿನ ವೇಳೆಯಲ್ಲಿಯೂ ಎಣಿಕೆಯ ಕೆಲಸವನ್ನೇ ಒಪ್ಪಿಸುವ ಆಟವೊಂದು ಜಪಾನಿನಲ್ಲಿ ಹುಟ್ಟಿದೆಯೆಂದರೆ ಕೇಳಿದವರಿಗೆ ನಗು ಬಂದೀತು. 8 ವಾದ್ಯಗಳು, 50 ಕಪ್ಪೆಚಿಪ್ಪುಗಳು, 32 ಹೃದಯದ ತುಣುಕುಗಳು. ಇವನ್ನು ಪೊದೆ, ಗುಂಡಿ, ಗವಿ, ಕಡಲತಡಿಗಳಲ್ಲಿ ಒಂದೊಂದಾಗಿ ಹುಡುಕಿ ಕೂಡಿಸುವುದೇ ಅದರ ವ್ಯವಹಾರ. ಹೀಗೆ ಬಹು ಶ್ರಮದಿಂದ ಕೂಡಿಸುತ್ತಿರುವಾಗಲೇ ಆಟವು ಆಟಗಾರನನ್ನು ಒಂದು ಪ್ರಶ್ನೆಯ ಮುಂದೆ ನಿಲ್ಲಿಸುವುದು: ಇದೆಲ್ಲವೂ ಅಳಿದುಹೋಗುವುದೆಂದು ತಿಳಿದ ಮೇಲೂ ನೀನು ಮುಂದುವರಿಯುವೆಯಾ? ಮೂವತ್ತು ವರ್ಷಗಳು ಕಳೆದರೂ ಈ ಆಟವನ್ನು ಜನ ಮರೆಯದಿರುವುದಕ್ಕೆ ಆ ಪ್ರಶ್ನೆಯೇ ಕಾರಣವೆನ್ನಬಹುದು.

“ದಿ ಲೆಜೆಂಡ್ ಆಫ್ ಜೆಲ್ಡಾ: ಲಿಂಕ್ಸ್ ಅವೇಕನಿಂಗ್” ಎಂಬುದು ಅದರ ಹೆಸರು. “ಲಿಂಕನ ಎಚ್ಚರ” ಎಂದು ನಾವು ಕನ್ನಡಿಸಿಕೊಳ್ಳೋಣ. 1993ರಲ್ಲಿ ಮೊದಲು ಹೊರಬಂದ ಈ ಆಟ 1998ರಲ್ಲಿ ಬಣ್ಣವನ್ನು ತಳೆಯಿತು; 2019ರಲ್ಲಿ ಪೂರ್ತಿಯಾಗಿ ಹೊಸ ರೂಪವನ್ನು ಪಡೆದು ಮತ್ತೆ ಬಂದಿತು. ಮಕ್ಕಳ ಆಟಿಕೆಯೆಂದು ಬದಿಗೆ ಸರಿಸುವ ಮುನ್ನ ಅದರ ಹುಟ್ಟು, ಬೆಳವಣಿಗೆ, ಪುನರ್ಜನ್ಮಗಳನ್ನು ಸ್ವಲ್ಪ ನೋಡುವುದು ಲೇಸು.

ಗವಿಯ ಬಾಯಿಯಲ್ಲಿ ನಿಂತ ಹುಡುಗ

ಆಟವನ್ನು ಹೊರತಂದ ನಿಂಟೆಂಡೊ ಸಂಸ್ಥೆಯು 1889ರಲ್ಲಿ ಕ್ಯೋಟೊ ನಗರದಲ್ಲಿ, ಹೂಗಳ ಚಿತ್ರವಿರುವ ಆಟದ ಎಲೆಗಳನ್ನು ತಯಾರಿಸುವ ಅಂಗಡಿಯಾಗಿ ಆರಂಭವಾಯಿತು. ಸುಮಾರು ಒಂದು ಶತಮಾನದ ಬಳಿಕ ಅದೇ ಸಂಸ್ಥೆ ವಿಡಿಯೋ ಆಟಗಳಿಂದ ಜಗತ್ಪ್ರಸಿದ್ಧವಾಯಿತು. “ಜೆಲ್ಡಾ” ಮಾಲೆಯ ಮೊದಲನೆಯ ಆಟ ಪ್ರಕಟವಾದದ್ದು 1986ರ ಫೆಬ್ರವರಿ 21ರಂದು. ಅದನ್ನು ರೂಪಿಸಿದವರಲ್ಲಿ ಮುಖ್ಯರಾದ ಶಿಗೆರು ಮಿಯಾಮೊಟೊ ಅವರು 1952ರಲ್ಲಿ ಕ್ಯೋಟೊ ಪ್ರಾಂತದ ಸೊನೊಬೆ ಎಂಬ ಊರಿನಲ್ಲಿ ಜನಿಸಿದವರು. ಬಾಲ್ಯದಲ್ಲಿ ಊರ ಸುತ್ತಲಿನ ಗುಡ್ಡಕಾಡುಗಳಲ್ಲಿ ಅಲೆಯುತ್ತ ಗವಿಯೊಂದರ ಬಾಯಿಯನ್ನು ಕಂಡು, ಬಹಳ ಹಿಂಜರಿದು, ಕೊನೆಗೆ ದೀಪ ಹಿಡಿದು ಒಳಹೊಕ್ಕ ಅನುಭವವೇ ಈ ಮಾಲೆಯ ಬೀಜವೆಂದು ಅವರು ಹೇಳಿಕೊಂಡಿರುವರು.

ಆ ಹುಡುಗನ ಭಯವೂ ಕುತೂಹಲವೂ ಆಟದಲ್ಲಿ “ಡಂಜನ್” ಎಂಬ ರೂಪವನ್ನು ತಾಳಿದವು. ಡಂಜನ್ ಎಂದರೆ ಗವಿಯೂ ಹೌದು, ಕೋಟೆಯೂ ಹೌದು, ಪಾಳುಗುಡಿಯೂ ಹೌದು. ಕೋಣೆಯಿಂದ ಕೋಣೆಗೆ ಸಾಗುವ ಕತ್ತಲೆಯ ನೆಲಮಾಳಿಗೆ; ಮುಚ್ಚಿದ ಬಾಗಿಲುಗಳು, ಅಡಗಿಸಿಟ್ಟ ಕೀಲಿಗಳು, ಬಿಡಿಸಬೇಕಾದ ಒಗಟುಗಳು; ಕೊನೆಯಲ್ಲಿ ಒಬ್ಬ ರಾಕ್ಷಸ.

ಕಚೇರಿ ಮುಗಿದ ಮೇಲೆ

“ಲಿಂಕನ ಎಚ್ಚರ”ದ ಜನ್ಮವೃತ್ತಾಂತ ನಮ್ಮ ಓದುಗರಿಗೆ ವಿಶೇಷ ಮೆಚ್ಚುಗೆಯಾಗಬಹುದು. ನಿಂಟೆಂಡೊ ಸಂಸ್ಥೆಯು 1989ರಲ್ಲಿ “ಗೇಮ್ ಬಾಯ್” ಎಂಬ, ಅಂಗೈಯಲ್ಲಿ ಹಿಡಿಯಬಹುದಾದ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತ್ತು. ಆ ಪುಟ್ಟ ಯಂತ್ರದಲ್ಲಿ ಜೆಲ್ಡಾದಂತಹ ದೊಡ್ಡ ಕಥೆಯನ್ನು ಹಿಡಿಸಬಹುದೇ ಎಂದು ಪರೀಕ್ಷಿಸುವ ಆಸೆ ಕಝುವಾಕಿ ಮೊರಿಟಾ ಎಂಬ ಪ್ರೋಗ್ರಾಮರರಿಗೆ ಉಂಟಾಯಿತು. ಯಾರೂ ಅಪ್ಪಣೆ ಮಾಡಿದ ಕೆಲಸವಲ್ಲ ಅದು. ಸಂಬಳದ ಕೆಲಸವನ್ನು ಮುಗಿಸಿ, ಸಂಜೆಯ ಬಳಿಕ ಅವರು ಈ ಪ್ರಯೋಗಕ್ಕೆ ಕುಳಿತರು. ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಶಾಲೆ ಬಿಟ್ಟ ಮೇಲೆ ಹುಡುಗರು ಕಟ್ಟಿಕೊಳ್ಳುವ ಸಂಘದಂತೆ ಇತ್ತು ಆ ಕೂಟವೆಂದು ಆಟದ ನಿರ್ದೇಶಕರಾದ ತಕಾಶಿ ತೆಝುಕಾ ಅವರು ಮುಂದೆ ನೆನೆದಿರುವರು. ಕೆಲಸ ಕೈಗೂಡುವ ಲಕ್ಷಣ ಕಂಡ ಬಳಿಕವೇ ಅದು ಸಂಸ್ಥೆಯ ಅಧಿಕೃತ ಯೋಜನೆಯಾಯಿತು.

ಗೇಮ್ ಬಾಯ್‌ನ ಪರದೆ ಬಲು ಕಿರಿದು. ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ಬಣ್ಣವೆಂದರೆ ಒಂದೇ ಛಾಯೆಯ ನಾಲ್ಕು ಮೆಟ್ಟಿಲುಗಳು. ಆಯುಧಗಳನ್ನು ಬಳಸಲು ಎರಡೇ ಗುಂಡಿಗಳು. ಇಷ್ಟು ಇಕ್ಕಟ್ಟಿನಲ್ಲಿ ಒಂದು ಗ್ರಾಮ, ಕಾಡು, ಮರಳುಗಾಡು, ಬೆಟ್ಟ, ಕಡಲತೀರ ಎಲ್ಲವನ್ನೂ ಅವರು ಹಿಡಿಸಿದರು. ಆ ಕಾಲದಲ್ಲಿ ಜನಪ್ರಿಯವಾಗಿದ್ದ “ಟ್ವಿನ್ ಪೀಕ್ಸ್” ಎಂಬ ಅಮೆರಿಕದ ಟೆಲಿವಿಷನ್ ಧಾರಾವಾಹಿಯ ಹಾಗೆ, ಚಿಕ್ಕ ಊರು, ಕೆಲವೇ ಜನ, ಆದರೆ ಪ್ರತಿಯೊಬ್ಬರಲ್ಲಿಯೂ ಏನೋ ಗುಟ್ಟು ಅಡಗಿದೆ ಎನಿಸುವಂತೆ ಕಥೆಯಿರಲಿ ಎಂಬುದು ತೆಝುಕಾ ಅವರ ಅಪೇಕ್ಷೆ. ಯೊಶಿಯಾಕಿ ಕೊಯಿಝುಮಿ ಮತ್ತು ಕೆನ್ಸುಕೆ ತನಾಬೆ ಅವರು ಆ ಕಥೆಯನ್ನು ಹೆಣೆದರು.

ಎಂಟು ನೆಲಮಾಳಿಗೆಗಳು

ಕಥೆ ಹೀಗಿದೆ. ಲಿಂಕ್ ಎಂಬ ತರುಣ ವೀರನು ದೂರದೇಶದಿಂದ ಮನೆಗೆ ಮರಳುತ್ತಿರುವಾಗ ಬಿರುಗಾಳಿಗೆ ಸಿಕ್ಕಿ ಅವನ ದೋಣಿ ಒಡೆಯುವುದು. ಅವನು ಕೊಹೊಲಿಂಟ್ ಎಂಬ ದ್ವೀಪದ ತೀರದಲ್ಲಿ ಬಿದ್ದಿರುವನು. ಮೇರಿನ್ ಎಂಬ ಹುಡುಗಿ ಅವನನ್ನು ಕಂಡು ಮನೆಗೆ ಕರೆದೊಯ್ದು ಉಪಚರಿಸುವಳು. ದ್ವೀಪದಲ್ಲಿ ಟಮರಾಂಚ್ ಪರ್ವತ. ಅದರ ತುದಿಯಲ್ಲಿ ಬೃಹತ್ತಾದ ಒಂದು ಮೊಟ್ಟೆ. ಅದರೊಳಗೆ “ಗಾಳಿಮೀನು” ನಿದ್ರಿಸುತ್ತಿದೆ. ಅದು ಎಚ್ಚರಗೊಳ್ಳುವ ತನಕ ದ್ವೀಪದಿಂದ ಹೊರಡಲಾಗದು ಎಂದು ಒಂದು ಗೂಬೆ ಬಂದು ತಿಳಿಸುವುದು. ಮೀನನ್ನು ಎಬ್ಬಿಸಲು ಎಂಟು ವಾದ್ಯಗಳು ಬೇಕು. ಒಂದೊಂದು ವಾದ್ಯವೂ ಒಂದೊಂದು ನೆಲಮಾಳಿಗೆಯ ಕೊನೆಯಲ್ಲಿದೆ.

ಈ ನೆಲಮಾಳಿಗೆಗಳ ರಚನೆಯಲ್ಲಿ ಒಂದು ಅಚ್ಚುಕಟ್ಟಿದೆ. ಪ್ರತಿಯೊಂದರಲ್ಲಿಯೂ ಒಂದು ಹೊಸ ಸಾಧನ ಸಿಗುವುದು. ಆ ಸಾಧನವೇ ಮುಂದಿನ ದಾರಿಯನ್ನು ತೆರೆಯುವುದು. ಮೊದಲನೆಯದರಲ್ಲಿ ಸಿಗುವ ಗರಿಯಿಂದ ಹೊಂಡಗಳನ್ನು ಜಿಗಿಯಬಹುದು. ಎರಡನೆಯದರ ಕಡಗದಿಂದ ಕಲ್ಲುಗಳನ್ನು ಎತ್ತಬಹುದು. ಮೂರನೆಯದರ ಪಾದರಕ್ಷೆಗಳಿಂದ ಓಡಬಹುದು, ನಾಲ್ಕನೆಯದರ ಈಜುರೆಕ್ಕೆಗಳಿಂದ ಆಳದ ನೀರಿನಲ್ಲಿ ಈಜಬಹುದು. ನಿನ್ನೆ ದಾಟಲಾಗದೆ ಹಿಂದಿರುಗಿದ ಕಂದರವನ್ನು ಇಂದು ನಿರಾಯಾಸವಾಗಿ ದಾಟುವಾಗ ಆಗುವ ಸಂತೋಷ ಇಲ್ಲಿನ ಮುಖ್ಯ ಸಂಬಳ.

ತೋಳಿನ ಬಲಕ್ಕಿಂತ ತಲೆಯ ಬಲವೇ ಇಲ್ಲಿ ಹೆಚ್ಚು ಬೇಕಾಗುವುದು. ಎರಡನೆಯ ನೆಲಮಾಳಿಗೆಯ ಒಂದು ಕೋಣೆಯಲ್ಲಿ ಮೂರು ಬಗೆಯ ಜಂತುಗಳಿವೆ. ಅವನ್ನು ಕೊಂದರೂ ಏನೂ ಆಗದು. ಮೊದಲು ಯಾವುದನ್ನು, ಕೊನೆಗೆ ಯಾವುದನ್ನು ಕೊಲ್ಲಬೇಕೆಂಬ ಸುಳಿವನ್ನು ಬೇರೊಂದು ಕಡೆ ಓದಿ, ಆ ಕ್ರಮದಲ್ಲಿಯೇ ಕೊಂದರೆ ಮಾತ್ರ ಪೆಟ್ಟಿಗೆ ಪ್ರತ್ಯಕ್ಷವಾಗುವುದು. ಏಳನೆಯದಾದ ಗರುಡಗೋಪುರದಲ್ಲಿ ಭಾರವಾದ ಗುಂಡೊಂದನ್ನು ಮಹಡಿಯಿಂದ ಮಹಡಿಗೆ, ಕೋಣೆಯಿಂದ ಕೋಣೆಗೆ ಹೊತ್ತು ತಿರುಗಿ ನಾಲ್ಕು ಕಂಬಗಳನ್ನು ಒಡೆಯಬೇಕು. ಆಗ ಮೇಲಿನ ಅಂತಸ್ತೇ ಕುಸಿದು ಕೆಳಗಿನದರ ಮೇಲೆ ಕೂರುವುದು. ಗೋಪುರದ ನಕ್ಷೆಯನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಳ್ಳದವನಿಗೆ ಇದು ಸಾಧ್ಯವಾಗದು. ಕೀಲಿ ಅಡಗಿರುವ ಕೋಣೆಯನ್ನು ಹೊಕ್ಕೊಡನೆ ದಿಕ್ಸೂಚಿಯು ಒಂದು ದನಿಯನ್ನು ಹೊರಡಿಸುವ ಉಪಾಯವೂ ಈ ಮಾಲೆಯಲ್ಲಿ ಮೊದಲು ಬಂದದ್ದು ಇದೇ ಆಟದಲ್ಲಿ.

ಚಿಪ್ಪುಗಳ ಲೆಕ್ಕ, ಕೈಮಾರ್ಪಿನ ಕಥೆ

ನೆಲಮಾಳಿಗೆಗಳು ಕಥೆಯ ಹೆದ್ದಾರಿಯಾದರೆ ಕಪ್ಪೆಚಿಪ್ಪುಗಳು ಕಾಲುದಾರಿ. ಹುಲ್ಲನ್ನು ಕತ್ತರಿಸಿದಾಗ, ಕಲ್ಲನ್ನು ಎತ್ತಿದಾಗ, ನೆಲವನ್ನು ಅಗೆದಾಗ, ಓಡಿಬಂದು ಮರಕ್ಕೆ ಡಿಕ್ಕಿ ಹೊಡೆದಾಗ ಅವು ಸಿಕ್ಕುವವು. 1993ರ ಆಟದಲ್ಲಿ ಅವು 26 ಇದ್ದವು. 20 ಕೂಡಿಸಿ ಚಿಪ್ಪಿನ ಮಹಲಿಗೆ ಹೋದವನಿಗೆ ಇಮ್ಮಡಿ ಬಲದ ಖಡ್ಗ ದೊರೆಯುತ್ತಿತ್ತು. 2019ರ ಆಟದಲ್ಲಿ ಅವುಗಳ ಸಂಖ್ಯೆ 50. 15 ಚಿಪ್ಪುಗಳಾದಾಗ, ಹತ್ತಿರದಲ್ಲಿ ಚಿಪ್ಪು ಅಡಗಿದ್ದರೆ ದನಿಮಾಡಿ ಎಚ್ಚರಿಸುವ ಸಾಧನ ಸಿಗುವುದು; ಖಡ್ಗಕ್ಕೆ 40 ಬೇಕು. ನಾಲ್ಕು ಸೇರಿದರೆ ಆಯುಸ್ಸಿಗೆ ಒಂದು ಹೃದಯವನ್ನು ಕೂಡಿಸುವ ತುಣುಕುಗಳೂ 12ರಿಂದ 32ಕ್ಕೆ ಏರಿದವು.

ಇದಕ್ಕಿಂತಲೂ ರಸವತ್ತಾದದ್ದು ಕೈಮಾರ್ಪಿನ ಸರಪಳಿ. ಆಟದಂಗಡಿಯಲ್ಲಿ ಗೆದ್ದ ಗೊಂಬೆಯನ್ನು ಮಗುವಿನ ತಾಯಿಗೆ ಕೊಟ್ಟರೆ ಅವಳು ಒಂದು ರಿಬ್ಬನ್ನನ್ನು ಕೊಡುವಳು. ಅಲಂಕಾರಪ್ರಿಯವಾದ ನಾಯಿಮರಿಗೆ ಆ ರಿಬ್ಬನ್ ಬೇಕು. ಅದು ತನ್ನ ಆಹಾರದ ಡಬ್ಬಿಯನ್ನು ಕೊಡುವುದು. ಡಬ್ಬಿಗೆ ಬದಲಾಗಿ ಮೊಸಳೆಯಿಂದ ಬಾಳೆಹಣ್ಣು, ಬಾಳೆಹಣ್ಣಿಗೆ ಕೋತಿಗಳು ಸೇತುವೆ ಕಟ್ಟಿ ಒಂದು ಕೋಲನ್ನು ಬಿಟ್ಟುಹೋಗುವವು, ಕೋಲಿನಿಂದ ಜೇನುಹುಟ್ಟು. ಆ ಜೇನನ್ನು ಪ್ರಾಣಿಗಳ ಗ್ರಾಮದಲ್ಲಿರುವ ಕರಡಿಗೆ ಕೊಡಬೇಕು. ಈ ಕರಡಿ ಬೇರಾರೂ ಅಲ್ಲ, ಅಡುಗೆಭಟ್ಟ! ಪಾಕಕ್ಕೆ ಜೇನಿಲ್ಲದೆ ಪೇಚಾಡುತ್ತಿದ್ದ ಭಟ್ಟ ಸಂತೋಷದಿಂದ ಅನಾನಸನ್ನು ಕೊಡುವನು. ಹೀಗೆಯೇ ದಾಸವಾಳ, ಪತ್ರ, ಪೊರಕೆ, ಗಾಳದ ಕೊಕ್ಕೆಗಳ ಮೂಲಕ ಸಾಗಿ ಕೊನೆಗೆ ಕಾಣದ್ದನ್ನು ಕಾಣಿಸುವ ಮಸೂರವೊಂದು ಕೈಸೇರುವುದು. ಒಬ್ಬನಿಗೆ ಬೇಡವಾದದ್ದು ಇನ್ನೊಬ್ಬನಿಗೆ ಜೀವಾಳವೆಂಬ ವ್ಯಾಪಾರದ ಮೊದಲ ಪಾಠವನ್ನು ಇಷ್ಟು ಸೊಗಸಾಗಿ ಕಲಿಸುವ ಆಟಗಳು ವಿರಳ.

ಅಡ್ಡದಾರಿಯೂ ಉಂಟು. ಅಂಗಡಿಯವನ ಕಣ್ಣು ತಪ್ಪಿಸಿ ಸಾಮಾನನ್ನು ಎತ್ತಿಕೊಂಡು ಓಡಬಹುದು. ಆದರೆ ಅಂದಿನಿಂದ ದ್ವೀಪದ ಜನರೆಲ್ಲರೂ ಆಟಗಾರನನ್ನು ಅವನ ಹೆಸರಿನಿಂದ ಕರೆಯದೆ “ಕಳ್ಳ” ಎಂದೇ ಕರೆಯುವರು. ಮತ್ತೆ ಆ ಅಂಗಡಿಗೆ ಕಾಲಿಟ್ಟರೆ ಮಾಲೀಕನ ಕೈಯಲ್ಲಿ ಸಾವು ಖಂಡಿತ.

ಹಳೆಯ ದ್ವೀಪಕ್ಕೆ ಹೊಸ ಅಚ್ಚು

2019ರ ಸೆಪ್ಟೆಂಬರ್ 20ರಂದು “ಸ್ವಿಚ್” ಯಂತ್ರಕ್ಕಾಗಿ ಹೊರಬಂದ ಹೊಸ ರೂಪವನ್ನು ಸಿದ್ಧಪಡಿಸಿದವರು ಗ್ರೆಝೊ ಎಂಬ ಜಪಾನೀ ಸಂಸ್ಥೆಯವರು. ಇದಕ್ಕೆ ಮುನ್ನ 2011ರಲ್ಲಿಯೂ 2015ರಲ್ಲಿಯೂ ಇದೇ ಮಾಲೆಯ ಎರಡು ಹಳೆಯ ಆಟಗಳಿಗೆ ಅವರು ಹೊಸ ರೂಪ ಕೊಟ್ಟಿದ್ದರು. ಈ ಸಲ ದ್ವೀಪವೆಲ್ಲ ಮೇಜಿನ ಮೇಲೆ ಜೋಡಿಸಿಟ್ಟ ಗೊಂಬೆಗಳ ಪ್ರದರ್ಶನದಂತೆ ಕಾಣುವುದು. ಜನರು ಹೊಳಪಿನ ಆಟಿಕೆಗಳಂತೆ, ಮರಗಳು ಮೇಣದಿಂದ ಮಾಡಿದಂತೆ. ಪರದೆಯ ಅಂಚಿನಲ್ಲಿ ಹೊರಜಗತ್ತು ತುಂಡುತುಂಡಾಗಿ ಬದಲಾಗುತ್ತಿದ್ದುದು ಹೋಗಿ ಈಗ ಅಖಂಡವಾಗಿ ಸರಿಯುವುದು. ಎರಡೇ ಗುಂಡಿಗಳ ಕಷ್ಟವೂ ತೀರಿತು. ಖಡ್ಗಕ್ಕೂ ಗುರಾಣಿಗೂ ಪ್ರತ್ಯೇಕ ಗುಂಡಿಗಳಾದವು. ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಬಹುದು. ಕೇಳಿದ ಮುಖ್ಯ ಮಾತುಗಳು ನಕ್ಷೆಯಲ್ಲಿಯೇ ಉಳಿಯುವವು. ದಿನಕ್ಕೆ ಅರ್ಧ ಗಂಟೆ ಮಾತ್ರ ಬಿಡುವಿರುವವನು ನಾಲ್ಕು ದಿನ ಬಿಟ್ಟು ಬಂದರೂ ಎಲ್ಲಿದ್ದೆನೆಂದು ತಿಳಿದುಕೊಳ್ಳಲು ಇದರಿಂದ ತುಂಬ ಅನುಕೂಲ.

ಎಲ್ಲವೂ ಲಾಭವೇ ಎನ್ನಲಾಗದು. 1998ರ ಆವೃತ್ತಿಯಲ್ಲಿದ್ದ ಛಾಯಾಚಿತ್ರಗಾರನ ಪ್ರಸಂಗ ಹೋಯಿತು. ಅದರ ಸ್ಥಳದಲ್ಲಿ ಬಂದ ವ್ಯವಸ್ಥೆಯಲ್ಲಿ ಆಟಗಾರನು ತಾನು ಕಂಡ ಕೋಣೆಗಳನ್ನು ಜೋಡಿಸಿ ತಾನೇ ನೆಲಮಾಳಿಗೆಯನ್ನು ಕಟ್ಟಬಹುದು. ಆದರೆ ಕಟ್ಟಿದವನಿಗೆ ಗೊತ್ತಿರುವ ಗವಿಯಲ್ಲಿ ಗವಿಯ ಭಯವೆಲ್ಲಿಯದು? ದೀಪ ಹಿಡಿದು ನಿಂತ ಸೊನೊಬೆಯ ಹುಡುಗನ ಹಿಂಜರಿಕೆ ಇಲ್ಲಿ ಕಾಣದು.

ಎಚ್ಚರದ ಬೆಲೆ

ಕಥೆಯ ಕೊನೆಯನ್ನು ಮೊದಲೇ ಹೇಳಬಾರದೆಂಬ ಮರ್ಯಾದೆಯುಂಟು. ಆದರೆ ಈ ಆಟವೇ ನಡುದಾರಿಯಲ್ಲಿ ಗುಟ್ಟನ್ನು ಬಿಟ್ಟುಕೊಡುವುದರಿಂದ ಹೇಳುವುದರಲ್ಲಿ ದೋಷವಿಲ್ಲ. ಆರನೆಯ ನೆಲಮಾಳಿಗೆಗೆ ಹೋಗುವ ಮುನ್ನ ಒಂದು ಪಾಳುಗುಡಿಯ ಗೋಡೆಯ ಮೇಲಿನ ಶಿಲ್ಪವು ಸತ್ಯವನ್ನು ತಿಳಿಸುವುದು: ಕೊಹೊಲಿಂಟ್ ದ್ವೀಪ ಗಾಳಿಮೀನು ಕಾಣುತ್ತಿರುವ ಕನಸು, ಮೀನು ಎಚ್ಚೆತ್ತರೆ ದ್ವೀಪವೂ ಅದರ ಜನರೂ ಇರರು. ಕ್ಷೀರಸಾಗರದಲ್ಲಿ ಯೋಗನಿದ್ರೆಯಲ್ಲಿರುವ ಶೇಷಶಾಯಿಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಕಲ್ಪನೆ ಅಪರಿಚಿತವಲ್ಲ. ಆದರೆ ಇಲ್ಲಿ ನಿದ್ರೆಯನ್ನು ಮುರಿಯುವ ಕೈ ನಮ್ಮದೇ ಎಂಬುದು ಹೊಸ ಸಂಕಟ.

ಆ ಬಳಿಕ ನೆಲಮಾಳಿಗೆಯ ರಾಕ್ಷಸರ ಮಾತೂ ಬೇರೆಯಾಗಿ ಕೇಳಿಸುವುದು. ತಾವು ಉಳಿಯಬೇಕೆಂದೇ ಅವರು ಮೀನನ್ನು ನಿದ್ರೆಯಲ್ಲಿಟ್ಟಿರುವರು. ಕೇಡಿಗರು ಅವರು ಹೌದು. ಆದರೆ ದ್ವೀಪವನ್ನು ಉಳಿಸುತ್ತಿರುವವರೂ ಅವರೇ. ಇತ್ತ ಮೇರಿನ್ ಕಡಲತಡಿಯಲ್ಲಿ ಕುಳಿತು, ತಾನೊಂದು ಕಡಲಹಕ್ಕಿಯಾಗಿದ್ದರೆ ದೂರದ ನಾಡುಗಳಿಗೆ ಹಾರಿಹೋಗುತ್ತಿದ್ದೆನೆಂದು ಹೇಳಿಕೊಳ್ಳುವಳು. ಅವಳನ್ನು ಬಿಟ್ಟು ಲಿಂಕ್ ಮನೆಗೆ ಮರಳಬೇಕು, ಮರಳಿದರೆ ಅವಳಿಲ್ಲ.

ಹೊಟ್ಟೆಪಾಡಿಗಾಗಿ ಪರವೂರಿಗೆ ಬಂದು, ಅಲ್ಲಿಯ ಜನರ ಅನ್ನ ಉಂಡು, ಸ್ನೇಹ ಬೆಳೆಸಿ, ಆದರೂ ಮನೆಯ ದಾರಿಯನ್ನು ಮರೆಯದಿರುವ ನಮ್ಮಂಥವರಿಗೆ ಲಿಂಕನ ಇಕ್ಕಟ್ಟು ಬಹಳ ಹತ್ತಿರದ್ದು. ಬಿಟ್ಟುಬಂದ ಕೋಣೆ, ಜೊತೆಗಾರರು, ಮುಚ್ಚಿಹೋದ ಹೋಟೆಲು ಇವು ಈಗ ನೆನಪಿನಲ್ಲಿ ಮಾತ್ರ ಇರುವವು. ಆದುದರಿಂದ ಅಲ್ಲಿ ಕಳೆದ ದಿನಗಳು ಸುಳ್ಳೆಂದು ನಾವಾರೂ ಹೇಳುವುದಿಲ್ಲ.

ಹೊಸ ರೂಪವನ್ನು ಕೊಟ್ಟವರ ವಿವೇಕ ಇಲ್ಲಿಯೇ ಇದೆ. 26 ಚಿಪ್ಪುಗಳನ್ನು 50 ಮಾಡಲು ಅವರು ಅಂಜಲಿಲ್ಲ. ಕಥೆಯ ಕೊನೆಯನ್ನು ಮಾತ್ರ ಬದಲಿಸಲಿಲ್ಲ. ಇಂದಿಗೂ ಎಂಟು ವಾದ್ಯಗಳು ಮೊಳಗಿದಾಗ ಮೊಟ್ಟೆ ಒಡೆಯುವುದು, ದ್ವೀಪ ಕರಗುವುದು. ಲಿಂಕ್ ಸಮುದ್ರದ ನಡುವೆ ಒಡಕು ಮರದ ಮೇಲೆ ಕಣ್ತೆರೆದು, ಮೇಲೆ ಹಾರಿಹೋಗುವ ಗಾಳಿಮೀನನ್ನು ಕಂಡು ಮುಗುಳ್ನಗುವನು. ಯಂತ್ರದ ನೆನಪಿನಲ್ಲಿ ಚಿಪ್ಪುಗಳ ಲೆಕ್ಕ ಉಳಿದಿರುವುದು ನಿಜ. ಕಥೆಯಲ್ಲಿ ಉಳಿಯುವುದು ಆ ನಗು ಮಾತ್ರ.

ಆದುದರಿಂದ ಈ ಆಟವನ್ನು ಕೈಗೆತ್ತಿಕೊಳ್ಳುವವರಿಗೆ ಒಂದು ಸೂಚನೆ. ಆರನೆಯ ನೆಲಮಾಳಿಗೆ ಮುಗಿದ ಮೇಲೆ ಅವಸರ ಬೇಡ. ಉಳಿದ ಚಿಪ್ಪುಗಳಿಗಾಗಿ ದ್ವೀಪವನ್ನು ಇನ್ನೊಮ್ಮೆ ಸುತ್ತಿರಿ, ಗ್ರಾಮದ ಪ್ರತಿಯೊಬ್ಬರನ್ನೂ ಮಾತನಾಡಿಸಿರಿ, ಮೇರಿನಳ ಹಾಡನ್ನು ನಿಂತು ಕೇಳಿರಿ. ಮೊಟ್ಟೆಯ ಮುಂದೆ ವಾದ್ಯಗಳನ್ನು ನುಡಿಸುವ ಕೆಲಸ ಹೇಗೂ ಕೊನೆಗೆ ಇದ್ದೇ ಇದೆ.