ಜೀರೋ ಟಿಕೆಟ್ಟಿನ ಎಂ.ಎ.

ಕುಣಿಗಲ್‌ನಲ್ಲಿ ಹತ್ತಿದ ತುಮಕೂರು ಬಸ್ಸಿನಲ್ಲಿ ನನ್ನ ಜೀರೋ ಟಿಕೆಟ್ಟನ್ನು ಸುರುಟಿ ಎಸೆಯುವುದರಲ್ಲಿದ್ದೆ. ಪಕ್ಕದ ಹುಡುಗಿ ಮಾತ್ರ ತನ್ನದನ್ನು ನೀಟಾಗಿ ಮಡಿಸಿ ನೋಟ್‌ಬುಕ್ಕಿನೊಳಗೆ ಇಟ್ಟಳು. ಅಲ್ಲಿ ಆಗಲೇ ದಪ್ಪನೆಯ ಕಟ್ಟೇ ಇತ್ತು. ಹಳೆಯವುಗಳ ಅಕ್ಷರ ಮಾಸಿ ಬರೀ ಬಿಳಿ ಚೀಟಿಗಳಾಗಿದ್ದವು.

‘ಇದನ್ನೆಲ್ಲ ಏನ್ ಮಾಡ್ತೀಯಮ್ಮ?’ ಎಂದೆ.

‘ಲೆಕ್ಕಕ್ಕೆ ಆಂಟಿ. ಬಸ್ ಚಾರ್ಜ್ ಕೊಡೋಕಾಗಲ್ಲ, ಓದು ಸಾಕು ಅಂದಿದ್ರು ಅಪ್ಪ.’

ಎಂ.ಎ. ಅರ್ಥಶಾಸ್ತ್ರದ ಹುಡುಗಿ. ಜೀರೋ ಟಿಕೆಟ್ಟಿಗೆ ಬೆಲೆ ಕಟ್ಟುವುದು ಹೇಗೆ? ಸಹಪಾಠಿ ಹುಡುಗನನ್ನು ಕೇಳಿ ಚಾರ್ಜು ತಿಳಿದುಕೊಂಡಿದ್ದಾಳೆ. ದಿನವೂ ಎರಡು ಸಾಲು: ಹೋಗಿದ್ದು, ಬಂದಿದ್ದು. ರಜೆ ಬಿದ್ದ ದಿನ ಅಡ್ಡಗೆರೆ. ತಿಂಗಳ ಕೊನೆಗೆ ಕೂಡಿಸಿ ಅಪ್ಪನ ಮುಂದೆ ಹಿಡಿಯುತ್ತಾಳಂತೆ. ‘ಹಾಸ್ಟೆಲ್ ಸೀಟು ಸಿಕ್ಕಿದ್ರೆ?’ ಅಂದೆ. ‘ಆಗ ಟಿಕೆಟ್ ಇರ್ತಿರಲಿಲ್ಲ, ಲೆಕ್ಕಾನೂ ಇರ್ತಿರಲಿಲ್ಲ’ ಎಂದು ನಕ್ಕಳು. ಹೆಬ್ಬೂರು ದಾಟುವವರೆಗೂ ನಾನು ಆ ನೋಟ್‌ಬುಕ್ಕನ್ನು ಅವಳ ಕೈಗೆ ವಾಪಸು ಕೊಡಲೇ ಇಲ್ಲ.

2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಶುರುವಾದಾಗ ಧರ್ಮಸ್ಥಳದ ಬಸ್ಸಿನ ನೂಕುನುಗ್ಗಲನ್ನೇ ಎಲ್ಲರೂ ಬರೆದರು, ನಾನೂ ಸೇರಿ. ಅದು ವಿದ್ಯಾರ್ಥಿವೇತನವೂ ಆದೀತೆಂದು ಯಾರಿಗೆ ಹೊಳೆದಿತ್ತು! ಅರ್ಜಿಯಿಲ್ಲ, ಆದಾಯ ಪ್ರಮಾಣಪತ್ರವಿಲ್ಲ, ‘ಸರ್ವರ್ ಬ್ಯುಸಿ’ ಇಲ್ಲ. ಆಧಾರ್ ತೋರಿಸಿದರೆ ಮುಗಿಯಿತು.

ನಮ್ಮ ಸೀಮೆಯಲ್ಲಿ ಹೆಚ್ಚಿನ ಓದಿಗೆ ಅಡ್ಡ ಬಂದದ್ದು ಫೀಸಿಗಿಂತ ಹೆಚ್ಚಾಗಿ ಅನ್ನ, ಸೂರು, ದಾರಿ. ವಾರಾನ್ನದ ಮನೆಗಳನ್ನು ನೆಚ್ಚಿ ಓದಿದವರ ಕಥೆ ಎಲ್ಲರಿಗೂ ಗೊತ್ತು. ಇದನ್ನು ವ್ಯಾಪಾರಿಯ ಕಣ್ಣಿನಿಂದ ಕಂಡವರು ಗುಬ್ಬಿಯ ತೋಟದಪ್ಪನವರು. ಬೆಂಗಳೂರಿನ ರೈಲು ನಿಲ್ದಾಣದ ಎದುರೇ ಅವರು ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ದಾರಿಹೋಕರಿಗೆ ಛತ್ರ, ಓದುವ ಹುಡುಗರಿಗೆ ಉಚಿತ ವಿದ್ಯಾರ್ಥಿನಿಲಯ. ಸೆಂಟ್ರಲ್ ಕಾಲೇಜಿಗೆ ಸೇರಿ ಅಲ್ಲಿ ಉಳಿದ ಹುಡುಗರಲ್ಲಿ ಮಾಗಡಿ ತಾಲ್ಲೂಕಿನ ವೀರಾಪುರದವರೊಬ್ಬರಿದ್ದರು. 1930ರಲ್ಲಿ ಮಠದ ಉತ್ತರಾಧಿಕಾರಿಯಾಗಬೇಕಾಗಿ ಬಂದು ಅವರ ಪದವಿ ಅರ್ಧಕ್ಕೇ ನಿಂತಿತು. ಅವರೇ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ. ಮುಂದೆ ಅವರ ಮಠದಲ್ಲಿ ಹತ್ತು ಸಾವಿರದಷ್ಟು ಮಕ್ಕಳು ಜಾತಿಭೇದವಿಲ್ಲದೆ ಉಂಡು ಓದಿದರು.

ಇಷ್ಟೆಲ್ಲ ಗೌರವದ ನಡುವೆಯೂ ಒಂದು ತಕರಾರು ಇದ್ದೇ ಇದೆ. ತೋಟದಪ್ಪನವರ ನಿಲಯ ವೀರಶೈವ ಹುಡುಗರಿಗೆಂದು ಹುಟ್ಟಿದ್ದು. ಮಠದ ಪಂಕ್ತಿಯೂ ಗಂಡುಮಕ್ಕಳದೇ. ಕುಣಿಗಲ್ಲಿನ ಹುಡುಗಿ ಎಂ.ಎ. ಓದಲು ಒಂದು ಬಸ್ಸು ಬರಬೇಕಾಯಿತು.

ಉಳಿದ ದಾರಿಗಳು ಓದುಗರಿಗೆ ಗೊತ್ತಿರುವವೇ. ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಶುಲ್ಕ ಮರುಪಾವತಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆಂದು ವಿದ್ಯಾಸಿರಿ. ವಿದೇಶಕ್ಕೆ ಹೋಗುವ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಪ್ರಬುದ್ಧ. ಪಿಎಚ್‌.ಡಿ.ಗೆ ಬಂದರೆ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000. ಬರೀ ನೆಟ್ ಪಾಸಾಗಿ ಜೆಆರ್‌ಎಫ್ ತಪ್ಪಿದರೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಯುಜಿಸಿಯ ನಾನ್-ನೆಟ್ ಫೆಲೋಶಿಪ್ಪಿನ 8,000 ರೂಪಾಯಿ ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗಷ್ಟೇ. 2004ರಲ್ಲಿ ಹುಟ್ಟಿದ ನಮ್ಮ ತುಮಕೂರು ವಿಶ್ವವಿದ್ಯಾನಿಲಯ ಆ ಬಾಗಿಲ ಹೊರಗೇ ನಿಂತಿದೆ. ಹಣದ ಅಗತ್ಯ ಇಲ್ಲಿನ ಸಂಶೋಧಕರಿಗೇ ಹೆಚ್ಚು ಅನ್ನುವುದು ದೆಹಲಿಗೆ ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಕೊನೆಗೆ ಬ್ಯಾಂಕು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 7.5 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡವಿಡಬೇಕಿಲ್ಲ. ಕಂತು ಶುರುವಾಗುವುದು ಓದು ಮುಗಿದ ಒಂದು ವರ್ಷದ ನಂತರ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಓಡುತ್ತದೆ. 2024ರ ಪಿಎಂ ವಿದ್ಯಾಲಕ್ಷ್ಮಿಯಲ್ಲಿ, 8 ಲಕ್ಷದೊಳಗಿನ ಆದಾಯದ ಕುಟುಂಬಗಳಿಗೆ, 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3ರಷ್ಟು ರಿಯಾಯಿತಿಯಿದೆ. ಆದರೆ ಆಯ್ದ ಸಂಸ್ಥೆಗಳ ಪಟ್ಟಿಯಲ್ಲಿರುವ ಕಾಲೇಜಿನಲ್ಲೇ ಸೀಟು ಸಿಕ್ಕಿರಬೇಕು. ಸಹಿ ಹಾಕುವ ಮೊದಲು ಆ ಪಟ್ಟಿ ನೋಡಿ, ಓದುವ ಅವಧಿಯ ಬಡ್ಡಿ ಎಷ್ಟಾಗುತ್ತದೆಂದು ಮ್ಯಾನೇಜರರಿಂದಲೇ ಕಾಗದದ ಮೇಲೆ ಬರೆಸಿಕೊಳ್ಳಿ.