ಫಲಕದಲ್ಲಿಲ್ಲದ ಹೆಸರು: ಚರ್ಮಪ್ರಸಾಧನ ಕಸುಬಿನ ಚರಿತ್ರೆ

ಹಳೆಯ ಅರಮನೆಯಲ್ಲಿಯೋ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿಯೋ ಗಾಜುಗಣ್ಣಿನ ಹುಲಿಯನ್ನು, ಗೋಡೆಗೆ ಸಿಕ್ಕಿಸಿದ ಕಾಟಿಯ ತಲೆಯನ್ನು ನೋಡಿದವರು ಅದರ ಕೆಳಗಿನ ಫಲಕವನ್ನೂ ಓದಿರುತ್ತಾರೆ. ಪ್ರಾಣಿಯ ಜಾತಿ, ಬೇಟೆಗಾರನ ಹೆಸರು, ಊರು, ವರ್ಷ, ಕೆಲವೊಮ್ಮೆ ಸಿದ್ಧಪಡಿಸಿದ ಸಂಸ್ಥೆಯ ಹೆಸರು ಅಲ್ಲಿರುತ್ತವೆ. ಚರ್ಮ ಸುಲಿದವನ, ಹದ ಮಾಡಿದವನ, ಕಣ್ಣು ಕೂರಿಸಿದವನ ಹೆಸರು ಮಾತ್ರ ಇರುವುದಿಲ್ಲ. ಈ ಲೋಪವು ಕೇವಲ ಫಲಕದ ಅಳತೆಯಿಂದ ಬಂದುದಲ್ಲ. ಚರ್ಮಪ್ರಸಾಧನದ ಇನ್ನೂರೈವತ್ತು ವರ್ಷಗಳ ಚರಿತ್ರೆಯೇ ಅದನ್ನು ರೂಪಿಸಿದೆ ಎಂಬುದು ಈ ಲೇಖನದ ವಾದ.

ಈ ಕಸುಬಿನ ಐರೋಪ್ಯ ಹೆಸರಾದ ‘ಟ್ಯಾಕ್ಸಿಡರ್ಮಿ’ ಗ್ರೀಕಿನ ‘ಟ್ಯಾಕ್ಸಿಸ್’ (ಜೋಡಣೆ) ಮತ್ತು ‘ಡರ್ಮ’ (ಚರ್ಮ) ಎಂಬೆರಡು ಪದಗಳಿಂದ ಕಟ್ಟಿದ್ದು. ಫ್ರಾನ್ಸಿನ ಲೂಯಿ ದ್ಯುಫ್ರೇನ್ 1803ರಲ್ಲಿ ನಿಸರ್ಗಚರಿತ್ರೆಯ ಕೋಶವೊಂದಕ್ಕೆ ಬರೆದ ಲೇಖನದಿಂದ ಅದು ಬಳಕೆಗೆ ಬಂದಿತು. ಹೆಸರಿಗಿಂತ ಕೆಲಸ ಹಳೆಯದು. ಆದರೆ ಅದು ಬಹುಕಾಲ ನೆಚ್ಚಿಕೊಳ್ಳುವಂಥದ್ದಾಗಿರಲಿಲ್ಲ. ಉಪ್ಪು ಮತ್ತು ಪಟಿಕದಿಂದ ಚರ್ಮ ಕೊಳೆಯದಂತೆ ತಡೆಯಬಹುದಿತ್ತು. ನುಸಿ ಹಾಗೂ ಚರ್ಮದ ಹುಳುಗಳನ್ನು ತಡೆಯುವುದು ಸಾಧ್ಯವಿರಲಿಲ್ಲ. ಹದಿನೆಂಟನೆಯ ಶತಮಾನದ ಅನೇಕ ಪಕ್ಷಿಸಂಗ್ರಹಗಳು ಕೆಲವೇ ವರ್ಷಗಳಲ್ಲಿ ಗರಿಯ ಪುಡಿಯಾದವು.

ಇದಕ್ಕೆ ಪರಿಹಾರ ಕಂಡವನು ಮೆಟ್ಸ್ ನಗರದ ಔಷಧ ತಯಾರಕ ಝಾನ್-ಬಾಪ್ತಿಸ್ತ್ ಬೆಕರ್ (1718–1777). ಶಂಖಪಾಷಾಣ, ಸಾಬೂನು, ಕರ್ಪೂರ, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಸುಣ್ಣವನ್ನು ಬೆರೆಸಿದ ಲೇಪವೊಂದನ್ನು ಆತ ಚರ್ಮದ ಒಳಮೈಗೆ ಬಳಿಯುತ್ತಿದ್ದ. ಬದುಕಿರುವವರೆಗೂ ಅವನು ಪಾಕವನ್ನು ಗುಟ್ಟಾಗಿಟ್ಟ. ಅದು ಅಚ್ಚಾದದ್ದು ಅವನು ತೀರಿಕೊಂಡ ಎರಡು ದಶಕಗಳ ಮೇಲೆ. ಆ ಬಳಿಕ ಯುರೋಪಿನ ವಸ್ತುಸಂಗ್ರಹಾಲಯಗಳಿಗೆ ಬಾಳಿಕೆ ಬರುವ ಮಾದರಿಗಳು ದೊರೆತವು, ಹವ್ಯಾಸವು ವ್ಯಾಪಾರವಾಯಿತು. ಆ ಪಾಷಾಣ ಹಳೆಯ ಮಾದರಿಗಳಲ್ಲಿ ಇಂದಿಗೂ ಉಳಿದಿದೆ. ವಸ್ತುಸಂಗ್ರಹಾಲಯದ ಸಿಬ್ಬಂದಿ ಕೈಗವಸು ತೊಟ್ಟು ಅವುಗಳನ್ನು ಮುಟ್ಟುವುದು ಅದಕ್ಕಾಗಿ. ದಿನವೂ ಬರಿಗೈಯಲ್ಲಿ ಅದನ್ನು ಬಳಿದವರ ದೇಹ ಏನಾಯಿತೆಂಬುದನ್ನು ಯಾವ ಫಲಕವೂ ಹೇಳುವುದಿಲ್ಲ.

ಹೆಸರಿನ ಪ್ರಶ್ನೆಗೆ ಅತ್ಯಂತ ಪ್ರಸಿದ್ಧವಾದ ನಿದರ್ಶನ ಎಡಿನ್‌ಬರೋದಲ್ಲಿದೆ. ದಕ್ಷಿಣ ಅಮೆರಿಕದ ಬ್ರಿಟಿಷ್ ವಸಾಹತು ಡೆಮರಾರದಲ್ಲಿ ಗುಲಾಮನಾಗಿದ್ದ ಜಾನ್ ಎಡ್ಮನ್‌ಸ್ಟನ್, ಅಲ್ಲಿಗೆ ಬಂದಿದ್ದ ನಿಸರ್ಗಶಾಸ್ತ್ರಜ್ಞ ಚಾರ್ಲ್ಸ್ ವಾಟರ್‌ಟನ್‌ನಿಂದ ಈ ವಿದ್ಯೆಯನ್ನು ಕಲಿತ. ಬಿಡುಗಡೆ ಹೊಂದಿದ ಮೇಲೆ ಸ್ಕಾಟ್‌ಲೆಂಡಿನಲ್ಲಿ ಹಕ್ಕಿಗಳ ಚರ್ಮಪ್ರಸಾಧನದಿಂದ ಜೀವನ ಸಾಗಿಸಿದ. 1826ರಲ್ಲಿ ವೈದ್ಯವಿದ್ಯಾರ್ಥಿಯಾಗಿದ್ದ ಚಾರ್ಲ್ಸ್ ಡಾರ್ವಿನ್ ಹಣ ಕೊಟ್ಟು ಅವನಲ್ಲಿ ಪಾಠ ಹೇಳಿಸಿಕೊಂಡ. ಬೀಗಲ್ ಯಾನದಲ್ಲಿ ಹಕ್ಕಿಗಳ ಚರ್ಮವನ್ನು ಕಾಪಿಟ್ಟು ತರಲು ಬೇಕಾದ ಕೈಚಳಕ ಡಾರ್ವಿನ್ನನಿಗೆ ದೊರೆತದ್ದು ಹೀಗೆ. ಆತ್ಮಕಥೆಯಲ್ಲಿ ಡಾರ್ವಿನ್ ಈ ಗುರುವನ್ನು ಮೆಚ್ಚುಗೆಯಿಂದಲೇ ನೆನೆಯುತ್ತಾನೆ. ಆದರೆ ಅವನ ವರ್ಣವನ್ನು ಹೇಳುತ್ತಾನೆಯೇ ಹೊರತು ಹೆಸರನ್ನಲ್ಲ. ಆ ಹೆಸರನ್ನು ಗುರುತಿಸುವ ಕೆಲಸ ಇಪ್ಪತ್ತನೆಯ ಶತಮಾನದ ಸಂಶೋಧಕರಿಗೆ ಉಳಿಯಿತು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಈ ಉದ್ಯಮದ ಕೇಂದ್ರ ಲಂಡನ್ನಿನ ಪಿಕಾಡಿಲಿಯ ರೋಲಂಡ್ ವಾರ್ಡ್ ಮಳಿಗೆಯಾಗಿತ್ತು. 1892ರಲ್ಲಿ ವಾರ್ಡ್ ಬೇಟೆಯ ದಾಖಲೆಗಳ ಪುಸ್ತಕವನ್ನು ಆರಂಭಿಸಿದ. ಕೊಂಬು ಎಷ್ಟು ಉದ್ದ, ಎಲ್ಲಿ ಸಿಕ್ಕಿತು, ಯಾರದು ಎಂಬ ಪಟ್ಟಿಗಳು ಅದರಲ್ಲಿದ್ದವು. ಸತ್ತ ಪ್ರಾಣಿಯು ಬೇಟೆಗಾರನ ಹೆಸರಿಗೆ ಆಧಾರಪತ್ರವಾದದ್ದು ಇಂಥ ಪುಸ್ತಕಗಳಿಂದ. ಅದೇ ಕಾಲದಲ್ಲಿ ಅಮೆರಿಕದ ಕಾರ್ಲ್ ಏಕ್ಲಿ (1864–1926) ತಂತ್ರವನ್ನೇ ಬದಲಿಸಿದ. ಹುಲ್ಲು, ಹೊಟ್ಟು ತುಂಬುವುದನ್ನು ಬಿಟ್ಟು, ಜೇಡಿಮಣ್ಣಿನಲ್ಲಿ ಸ್ನಾಯುಗಳ ಸಹಿತ ಪ್ರಾಣಿಯ ಆಕಾರ ಮಾಡಿ, ಅದರಿಂದ ಅಚ್ಚು ತೆಗೆದು, ಅಚ್ಚಿನಲ್ಲಿ ಹಗುರವಾದ ಟೊಳ್ಳು ದೇಹ ಎರೆದು, ಅದಕ್ಕೆ ಚರ್ಮ ಹೊದಿಸಿದ. ಚರ್ಮಪ್ರಸಾಧಕನು ಶಿಲ್ಪಿಯ ಸ್ಥಾನಕ್ಕೇರಿದ. ಆದರೆ ಆ ಗೌರವವೂ ತಂಡದ ಯಜಮಾನನಿಗೇ ಸಂದಿತು.

ಭಾರತದಲ್ಲಿ ಈ ಕಸುಬು ಕಾರ್ಖಾನೆಯ ಪ್ರಮಾಣವನ್ನು ಮುಟ್ಟಿದ್ದು ಮೈಸೂರಿನಲ್ಲಿ. ಯುಜೀನ್ ವ್ಯಾನ್ ಇಂಗೆನ್ 1900ರ ಸುಮಾರಿಗೆ ಅಲ್ಲಿ ಸ್ಥಾಪಿಸಿದ ‘ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್’ ಸಂಸ್ಥೆ ಶತಮಾನದ ಕೊನೆಯವರೆಗೂ ನಡೆಯಿತು. ಮೈಸೂರು ಒಂದು ರಾಜಾಶ್ರಯದ ನಗರ. ವಯನಾಡು, ನೀಲಗಿರಿ, ತಾಳವಾಡಿಯ ಕಾಡುಗಳಿಗೂ ಹತ್ತಿರದ್ದು. ಸಂಸ್ಥೆಯ ಚರಿತ್ರೆಯನ್ನು 2006ರಲ್ಲಿ ಪುಸ್ತಕವಾಗಿ ಬರೆದ ಜೀವಶಾಸ್ತ್ರಜ್ಞ ಪ್ಯಾಟ್ ಮಾರಿಸ್ ಅವರ ಲೆಕ್ಕದಂತೆ ಅಲ್ಲಿ ಸಿದ್ಧವಾದ ಹುಲಿ, ಚಿರತೆಗಳ ಸಂಖ್ಯೆಯೇ 43,000ಕ್ಕೂ ಹೆಚ್ಚು. ಇಷ್ಟನ್ನು ಸಾಧ್ಯವಾಗಿಸಿದ್ದು ಅಚ್ಚುಗಳು. ಬೇರೆ ಬೇರೆ ಅಳತೆಯ ಅಚ್ಚುಗಳಲ್ಲಿ ಕಾಗದದ ತಿರುಳಿನಿಂದ ದೇಹಗಳನ್ನು ಎರೆದಿಟ್ಟುಕೊಂಡು, ಬಂದ ಚರ್ಮಕ್ಕೆ ಹೊಂದುವುದನ್ನು ಆರಿಸಲಾಗುತ್ತಿತ್ತು. ಕಾಡಿನಲ್ಲಿಯೇ ಚರ್ಮ ಕೆಡದಂತೆ ಸುಲಿಯುವುದು ಹೇಗೆಂದು ಬೇಟೆಗಾರರಿಗೆ ತಿಳಿಸುವ ಕೈಪಿಡಿಯನ್ನೂ ಸಂಸ್ಥೆ ಪ್ರಕಟಿಸಿತ್ತು. ಬಾಯ್ದೆರೆದು ಗರ್ಜಿಸುವ ಮೈಸೂರಿನ ಹುಲಿ ಲೋಕಪ್ರಸಿದ್ಧವಾಯಿತು. ನಿಜವಾಗಿ ಆ ಹುಲಿ ಸಾಯುವಾಗ ಗರ್ಜಿಸುತ್ತಿತ್ತೇ, ನೀರು ಕುಡಿಯುತ್ತಿತ್ತೇ ಎಂಬುದು ಗಣನೆಗೆ ಬರಲಿಲ್ಲ. ಬೇಟೆಗಾರನ ಧೈರ್ಯವನ್ನು ಸಾರುವ ಮುಖವೇ ಅದಕ್ಕೆ ಬೇಕಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ವ್ಯಾಪಾರದ ಬೇರನ್ನು ಕತ್ತರಿಸಿತು. 1986ರ ತಿದ್ದುಪಡಿ ಅಳಿದುಳಿದ ವಹಿವಾಟನ್ನೂ ಬಿಗಿಗೊಳಿಸಿತು. ಇಂದು ಮನೆಯಲ್ಲಿ ಇಂಥ ತಲೆಯನ್ನು ಇಟ್ಟುಕೊಳ್ಳಬೇಕಾದರೆ ಒಡೆತನದ ಪ್ರಮಾಣಪತ್ರ ಬೇಕು. ಹೀಗೆ ಆಗಬೇಕಾದದ್ದೇ ಆಯಿತು. ಅದರ ಬಗ್ಗೆ ಹಳಹಳಿಕೆಗೆ ಎಡೆಯಿಲ್ಲ. ಕಸುಬು ಈಗ ಸಹಜವಾಗಿ ಸತ್ತ ಪ್ರಾಣಿಗಳನ್ನು ಶಿಕ್ಷಣಕ್ಕಾಗಿ ಉಳಿಸುವ ಕೆಲಸವಾಗಿ ಬದುಕಿದೆ. ಮುಂಬಯಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ 2009ರಲ್ಲಿ ಆರಂಭವಾದ ಕೇಂದ್ರ ಅದಕ್ಕೆ ಸಾಕ್ಷಿ. ಆದರೆ ವ್ಯಾಪಾರ ಮುಗಿದಾಗ, ಅದನ್ನು ನಡೆಸಿದ ಕೈಗಳ ಅರಿವನ್ನು ಬರೆದಿಡುವ ಅವಕಾಶವೂ ಕಿರಿದಾಗುತ್ತ ಬಂದಿತು. ಯುಜೀನ್ ಅವರ ಮಗ ಜೂಬರ್ಟ್ ನೂರು ದಾಟಿದ ವಯಸ್ಸಿನಲ್ಲಿ 2013ರಲ್ಲಿ ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಸ್ಮರಿಸಿದವು. ಕಾರ್ಖಾನೆಯ ಕೆಲಸಗಾರರಿಗೆ ಅಂಥ ಸ್ಮರಣಲೇಖನಗಳಿರುವುದಿಲ್ಲ.

ಭಾಷೆಯನ್ನು ಅಧ್ಯಯನ ಮಾಡುವ ನಮಗೆ ಇಲ್ಲೊಂದು ಕೆಲಸವಿದೆ. ಚರ್ಮಪ್ರಸಾಧನದ ಜೀವಾಳವಾದ ಹಂತಕ್ಕೆ ಕನ್ನಡದಲ್ಲಿ ‘ಹದ’ ಎನ್ನುತ್ತೇವೆ. ಅದೇ ಮೂಲದ ತಮಿಳಿನ ‘ಪದಂ’ ಸರಿಯಾದ ಪಾಕವನ್ನು ಹೇಳುತ್ತದೆ. ಚರ್ಮ ಹದಮಾಡುವುದು ಅಲ್ಲಿ ‘ಪದನಿಡುದಲ್’. ತೆಲುಗಿನ ‘ಪದನು’ ನೆಲದ ತೇವಕ್ಕೂ ಕಬ್ಬಿಣದ ಹರಿತಕ್ಕೂ ಸಲ್ಲುತ್ತದೆ. ಈ ಮೂರು ಪದಗಳು ಸೂಚಿಸುವುದು ಅಳತೆಗೋಲಿಗೆ ಸಿಕ್ಕದ, ಬೆರಳಿಗೆ ಮಾತ್ರ ತಿಳಿಯುವ ಒಂದು ಗಳಿಗೆಯನ್ನು. ಬೆಕರ್‌ನ ಪಾಕವನ್ನು ಅಚ್ಚು ಹಾಕಬಹುದು. ಹದವನ್ನು ಪಕ್ಕದಲ್ಲಿ ಕೂತು ಕಲಿಯಬೇಕು. ಗಡಿಸೀಮೆಯ ಮನೆಗಳಲ್ಲಿ ಚರ್ಮ ಸುಲಿದ, ಹದ ಮಾಡಿದ, ಬೇಟೆಗೆ ಜಾಡು ಹಿಡಿದುಕೊಟ್ಟ ಹಿರಿಯರ ನೆನಪುಗಳು ಇನ್ನೂ ಇದ್ದರೆ, ಅವುಗಳನ್ನು ಅವರವರ ನುಡಿಯಲ್ಲಿಯೇ, ಅವರವರ ಹೆಸರಿನೊಂದಿಗೆ ದಾಖಲಿಸಬೇಕು. ಎಡ್ಮನ್‌ಸ್ಟನ್‌ನ ಹೆಸರು ಬೆಳಕಿಗೆ ಬರಲು ಒಂದೂವರೆ ಶತಮಾನ ಹಿಡಿಯಿತು. ನಮ್ಮಲ್ಲಿ ಅಷ್ಟು ಕಾಯುವ ಕಾರಣವಿಲ್ಲ.