ಕಡಿಮೆ ಬೆಲೆಯ ಪಂಪ್ ಕೋವಿ: ಬಾಳಿಕೆ ಬರುತ್ತಾ?

ಬೆಳೆ ರಕ್ಷಣೆಗೆ ಕೋವಿ ಲೈಸೆನ್ಸ್ ಇರೋ ಮಲೆನಾಡಿನ ಗೆಳೆಯರು ಅಮೆರಿಕದ ಪಂಪ್ ಆಕ್ಷನ್ ಕೋವಿಗಳ ವಿಡಿಯೋ ನೋಡಿ ಕೇಳ್ತಾರೆ: ‘ಅಗ್ಗದ್ದು ನಂಬಬಹುದಾ?’ ನಂಬಬಹುದು. ಬೆಲೆ ಎಲ್ಲಿ ಇಳಿಸಿದ್ದಾರೆ ಅನ್ನೋದು ಗೊತ್ತಿರಬೇಕು, ಅಷ್ಟೆ.

1950ರಲ್ಲಿ ಬಂದ ರೆಮಿಂಗ್ಟನ್ 870ರ ಮೈ ಉಕ್ಕಿನದು. 1961ರ ಮಾಸ್‌ಬರ್ಗ್ 500ರದ್ದು ಅಲ್ಯೂಮಿನಿಯಂ. ಹಾಗಂತ ಎರಡನೆಯದು ದುರ್ಬಲ ಅಲ್ಲ. ಎರಡರಲ್ಲೂ ಬೋಲ್ಟ್ ನೇರವಾಗಿ ನಳಿಗೆಯ ಉಕ್ಕಿಗೇ ಬೀಗ ಬೀಳುತ್ತೆ. ಸಿಡಿತದ ಒತ್ತಡ ತಡೆಯೋದು ಆ ಉಕ್ಕು.

ಖರ್ಚು ಕಡಿಮೆ ಮಾಡೋದು ಹೆಚ್ಚಾಗಿ ಹೊರಗಿನ ಲೇಪನ, ಹಿಡಿಕೆಗಳಲ್ಲಿ. 870ರ ಅಗ್ಗದ ಎಕ್ಸ್‌ಪ್ರೆಸ್ ಮಾದರಿಗೆ ಬೇಗ ತುಕ್ಕು ಹಿಡಿಯುತ್ತೆ ಅನ್ನೋದು ಅಲ್ಲಿನ ಬಳಕೆದಾರರ ಹಳೇ ದೂರು. ನಮ್ಮ ಮಳೆಗಾಲಕ್ಕೆ ಇದೇ ದೊಡ್ಡ ಪಾಠ.

ಯಾವ ಪಂಪ್ ಕೋವಿ ಕೊಳ್ಳುವಾಗಲೂ ಇಷ್ಟು ನೋಡಿ:

• ಮೊದಲು ಕೋವಿ ಖಾಲಿ ಇದೆಯಾ ಅಂತ ಕಣ್ಣಲ್ಲೂ ಬೆರಳಲ್ಲೂ ಖಚಿತ ಮಾಡಿಕೊಳ್ಳಿ.
• ಪಂಪ್ ಎಳೆದು ತಳ್ಳಿ. ಎಲ್ಲೂ ಕಚ್ಚಬಾರದು.
• ಖಾಲಿ ತೋಟೆಯನ್ನು ಹೊರಗೆಳೆಯೋ ಕೊಕ್ಕೆ ಸವೆದಿರಬಾರದು.
• ನಳಿಗೆಯೊಳಗೆ ತುಕ್ಕಿನ ಗುಳಿ, ಹೊರಗೆ ತಗ್ಗು ಇದ್ದರೆ ಬೇಡ.

ತೋಟೆ ಸಿಕ್ಕಿಕೊಳ್ಳೋದಕ್ಕೆ ಎಷ್ಟೋ ಸಲ ಕೋವಿ ಕಾರಣ ಅಲ್ಲ, ಪಂಪನ್ನು ಅರ್ಧಕ್ಕೇ ಬಿಡೋ ಕೈ ಕಾರಣ. ಪೂರ್ತಿ ಹಿಂದಕ್ಕೆ, ಪೂರ್ತಿ ಮುಂದಕ್ಕೆ. ಮಳೆಯಲ್ಲಿ ನೆನೆದರೆ ಅವತ್ತೇ ಒರೆಸಿ, ತೆಳ್ಳಗೆ ಎಣ್ಣೆ ಹಚ್ಚಿ. ಥಂಡಿ ಹಿಡಿದು ಊದಿದ ತೋಟೆ ತುಂಬಬೇಡಿ.

ಒಂದು ಮಾತು ನೆನಪಿರಲಿ: ಲೈಸೆನ್ಸ್ ಇದ್ದ ಮಾತ್ರಕ್ಕೆ ಕಾಡುಹಂದಿ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ಬೇರೆಯೇ ಅನುಮತಿ ಬೇಕು.